ಎರಡು ಮಿಲಿಮೀಟರ್

ಜ್ಡೆಂಕಾ ಬಂದಳು. ಅವಳಿಗಿಂತ ಮುಂಚೆ
ಅವಳ ಕಾರಿನ ವಾಲಾಟ ತಿರುವಿನಲ್ಲಿ ಕಂಡಿತು.
ಹಳೇ ರೆನೋ, ನಮ್ಮ ಸೋಚಾ ಕಣಿವೆಯವರ ಬಾಯಲ್ಲಿ ಕಾತ್ರ,
ತುಂಬಿದ ಕೊಡ ಹೊತ್ತವಳಂತೆ
ಒಂದು ಪಕ್ಕಕ್ಕೆ ಸೊಂಟ ಕೊಟ್ಟು
ಗ್ಯಾರೇಜಿಗೆ ಹೊರಳಿತು.

"ಹಿಂದೆ ಆರು ಪೆಟ್ಟಿಗೆ ಜೇನು," ಅಂದಳು.
"ಕೆಳಗೆ ಅಕೇಶಿಯಾ ಮುಗಿಯಿತು, ಮೇಲೆ ಲಿಂಡನ್ ಬಿರಿದಿದೆ.
ದಾರಿಯ ಪ್ರತಿ ತಿರುವಿಗೂ ಗುಂಯ್ ಅಂತ ಒಂದೇ ಕೂಗು.
ಲಕ್ಷ ಹೆಂಗಸರು ಒಟ್ಟಿಗೆ ನಿನ್ನ ಡ್ರೈವಿಂಗ್ ಬೈದದ್ದು
ಯಾವತ್ತಾದರೂ ಕೇಳಿದ್ದೀಯಾ, ಯೆರ್ನೇಯ್?"

ಕೇಳಿಲ್ಲ. ಒಬ್ಬಳದ್ದು ಕೇಳಿದ್ದೇನೆ.

ಜಾಕ್ ಏರಿಸಿ ಕೆಳಗೆ ಮಲಗಿದೆ.
ಮುಂದೆ ಒಂದು ಸ್ವೇ ಬಾರ್, ಬೆರಳು ದಪ್ಪ,
ಬುಶ್ಶಿನ ರಬ್ಬರು ಒಣಗಿ ಹಪ್ಪಳ.
ಹಿಂದೆ ಏನೂ ಇಲ್ಲ.
ಬರೀ ನಂಬಿಕೆ, ಮತ್ತೆ ಒಂದಷ್ಟು ಮಣ್ಣು.

ಸ್ವೇ ಬಾರ್ ಅಂದರೆ ಇಷ್ಟೇ, ಅವಳಿಗೆ ಹೇಳಿದೆ:
ಎಡಗಾಲಿಯ ಸುದ್ದಿಯನ್ನು ಬಲಗಾಲಿಗೆ ಮುಟ್ಟಿಸುವ ಕಂಬಿ.
ಎರಡೂ ಒಟ್ಟಿಗೆ ಎದ್ದರೆ, ಒಟ್ಟಿಗೆ ಬಿದ್ದರೆ
ತನಗೇನು ಅಂತ ಬುಶ್ಶಿನೊಳಗೆ ಸುಮ್ಮನೆ ಹೊರಳುತ್ತದೆ.
ಒಂದು ಏರಿ ಒಂದು ಇಳಿದಾಗ ಮಾತ್ರ
ಮೈ ತಿರುಚಿಕೊಂಡು
ಬೇಡ, ಅನ್ನುತ್ತದೆ.

"ನಮ್ಮ ಅತ್ತೆಯ ಹಾಗೆ," ಅಂದಳು.

ಕೊಬಾರಿಡ್‌ನಲ್ಲಿ ಗುಡ್ಡ ಹತ್ತುವ ರೇಸಿನವನೊಬ್ಬನ ಹತ್ತಿರ
ಇಪ್ಪತ್ತು ಮಿಲಿಮೀಟರಿನ ಬಾರ್ ಸಿಕ್ಕಿತು.
ಹಿಂದಕ್ಕೆ ಬಿಗಿದೆ. ಬ್ರಾಕೆಟ್ ಬೆಸೆದೆ, ಹೊಸ ಬುಶ್ ಹಾಕಿದೆ,
ಕೈಗೆಲ್ಲ ಗ್ರೀಸು, ಮನಸ್ಸಿಗೆಲ್ಲ ಹೆಮ್ಮೆ.
ಡ್ಯಾಶ್‌ಬೋರ್ಡಿನ ಮೇಲೆ ಅವಳದೇ ಜೇನಿನ ಬಾಟಲಿ ಕಟ್ಟಿ
ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಪಾಸ್ ಹತ್ತಿದೆ,
ಎಷ್ಟು ವಾಲುತ್ತದೆ ನೋಡೋಣ ಅಂತ.
ಜೇನು ಯಾವ ತಿರುವಿಗೂ ಹೊತ್ತಿಗೆ ಸರಿಯಾಗಿ ವಾಲಲಿಲ್ಲ:
ಎಡದ ತಿರುವು ಮುಗಿದು ಬಲಕ್ಕೆ ಹೊರಳುವಾಗ
ಆಗ ನೆನಪಾದಂತೆ ಎದ್ದು ಹೊರಟಿತು.
ಮಾರನೇ ದಿನ ನೀರು ತುಂಬಿದೆ.
ನೀರು ಸುಳ್ಳು ಹೇಳಲಿಲ್ಲ, ಗೆರೆಯ ಹತ್ತಿರವೇ ನಿಂತಿತು.

ಹದಿನೈದು ದಿನಕ್ಕೆ ಜ್ಡೆಂಕಾ ಮತ್ತೆ.
ಕಾರು ಹಲಗೆಯ ಹಾಗೆ ನೆಟ್ಟಗೆ ಬಂತು.
ಅವಳ ಮುಖ ನೆಟ್ಟಗಿರಲಿಲ್ಲ.
"ತಿರುವಿನಲ್ಲಿ ಜೇನು ಸುಮ್ಮನಿವೆ, ಸರಿ.
ಆದರೆ ಎಡಗಾಲಿ ಕುಣಿಗೆ ಬಿದ್ದರೆ
ಬಲದ ಪೆಟ್ಟಿಗೆಯಲ್ಲಿ ರಟ್ಟು ಮುರಿಯುತ್ತದೆ.
ನಿನ್ನೆ ಮಳೆ. ಇಳಿಜಾರಿನ ತಿರುವಿನಲ್ಲಿ
ಹಿಂದಿನ ಒಳಗಾಲಿ ನೆಲ ಬಿಟ್ಟಿತ್ತು,
ಕಂಬ ಕಂಡ ನಾಯಿಯ ಹಾಗೆ."

ನಾನು ನಗಲಿಲ್ಲ.
ರಾತ್ರಿ ಅದರ ಕೆಳಗೇ ಮಲಗಿದ್ದೆ, ಎದೆಯ ಮೇಲೆ ಟಾರ್ಚು.
ಕಂಬಿಯ ದಪ್ಪ ಸ್ವಲ್ಪ ಏರಿದರೆ ಬಿಗಿ ಸ್ವಲ್ಪ ಏರುವುದಿಲ್ಲ,
ದಪ್ಪವನ್ನು ಅದರಿಂದಲೇ ನಾಲ್ಕು ಸಲ ಗುಣಿಸಿದಷ್ಟು ಏರುತ್ತದೆ.
ಶಾಲೆಯಲ್ಲಿ ಕಲಿತದ್ದು. ಹೆಮ್ಮೆಯಲ್ಲಿ ಮರೆತದ್ದು.
ಎರಡು ಗಾಲಿಗಳನ್ನು ಅಷ್ಟು ಬಿಗಿಯಾಗಿ ಕಟ್ಟಿದರೆ
ಒಂದರ ನೋವಿಗೆ ಇನ್ನೊಂದು ಕುಂಟುತ್ತದೆ.
ಅದಕ್ಕೆ ಒಗ್ಗಟ್ಟು ಅನ್ನುವವರು
ಹಿಂದಿನ ಸೀಟಿನಲ್ಲಿ ಕೂತವರಲ್ಲ.

ಹದಿನೆಂಟಕ್ಕೆ ಇಳಿಸಿದೆ.
ಎರಡೇ ಮಿಲಿಮೀಟರು, ಬಿಗಿಯಲ್ಲಿ ಮೂರರಲ್ಲೊಂದು ಪಾಲು ಹೋಯಿತು.
ತೋಳಿನ ತುದಿಗೆ ಮೂರು ತೂತು ಕೊರೆದೆ:
ಒಳಗಿನದು ಬಿಗಿ, ಹೊರಗಿನದು ಸಡಿಲ,
ಲಿಂಕನ್ನು ಹೊರಗಿನದಕ್ಕೆ ಸಿಕ್ಕಿಸಿದೆ.
"ಸ್ವಲ್ಪ ವಾಲುತ್ತದೆ," ಅಂದೆ. "ಬೇಕಂತಲೇ ಬಿಟ್ಟಿದ್ದೇನೆ.
ವಾಲದ ಕಾರು
ಜಾರುವ ಮುಂಚೆ ಹೇಳುವುದಿಲ್ಲ."

ಮುಸ್ಸಂಜೆ, ಜೇನೆಲ್ಲ ಒಳಸೇರಿದ ಮೇಲೆ, ಹೊರಟೆವು.
ಅವಳು ಸ್ಟಿಯರಿಂಗಿನಲ್ಲಿ, ನಾನು ಹಿಂದೆ
ಪೆಟ್ಟಿಗೆಗಳ ನಡುವೆ ಮಂಡಿ ಮಡಚಿ,
ಮರಕ್ಕೆ ಕಿವಿಯಿಟ್ಟು.
ಹನ್ನೊಂದನೇ ತಿರುವು. ಕಾರು ಒಂಚೂರು ಒಲೆಯಿತು,
ನಿಂತಿತು, ಮರಳಿತು.
ಒಳಗೆ ಗುಂಯ್ ಇಲ್ಲ. ಉಸಿರಿನಷ್ಟು ಏನೋ.

"ಏನಂತಾರೆ?" ಕನ್ನಡಿಯಲ್ಲಿ ಕೇಳಿದಳು.

ತಡಿ, ಅಂದೆ.
ಹನ್ನೆರಡು ಬರಲಿ.